ಸೊಪ್ಪಿನ ಸಾರಕ್ಕೂ ಒಂದು ಲೆಕ್ಕವಿರಲಿ



ಕೊಡಗಿನ ಅಮ್ಮತ್ತಿಯಂಥ ಕಾಫಿ, ಕರಿಮೆಣಸಿನ ಊರಿನಲ್ಲಿ ಕ್ಯಾರೆಟ್ ಬೆಳೆಯ ಬಗ್ಗೆ ವಿಚಾರ ಸಂಕಿರಣವೇಕೆ ಎಂದು ಕೇಳುವವರಿದ್ದಾರೆ. ನಮ್ಮ ಸಂತೆಯ ಕ್ಯಾರೆಟ್ ಹೆಚ್ಚಾಗಿ ಹೊರಗಿನಿಂದ ಬರುತ್ತದೆ. ಇತ್ತ ಸುಗ್ಗಿಯ ಹಬ್ಬವಾದ ಪುತ್ತರಿ ಕಳೆದು ಭತ್ತದ ಕೊಯ್ಲು ಮುಗಿದ ಮೇಲೆ ಎಷ್ಟೋ ಗದ್ದೆಗಳು ಮುಂದಿನ ಮಳೆಗಾಲದವರೆಗೆ ಖಾಲಿ ಬಿದ್ದಿರುತ್ತವೆ. ಮನೆಯವರು ಹಸಿಯಾಗಿ ಕಚ್ಚಿ ತಿನ್ನುವ, ಮಕ್ಕಳ ಡಬ್ಬಿಗೆ ಹಾಕುವ ತರಕಾರಿಯನ್ನು ವಿಷವಿಲ್ಲದೆ ಅಲ್ಲೇ ಬೆಳೆಯಲಾದೀತೇ? ಸಸ್ಯಸಾರಗಳು ಅದಕ್ಕೆ ಎಷ್ಟರಮಟ್ಟಿಗೆ ನೆರವಾದಾವು? ಈ ಎರಡು ಪ್ರಶ್ನೆಗಳಿಗಾಗಿ ನಾವು ಸೇರಿದ್ದೇವೆ.

ಸೊಪ್ಪಿನ ಸಾರ ನಮಗೆ ಹೊಸದಲ್ಲ. 1025ರಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಗಿಡಮರಗಳ ವೈದ್ಯವಾದ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವಿದೆ. ಅಷ್ಟು ದೂರ ಹೋಗುವುದೂ ಬೇಡ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ನಮ್ಮ ಮನೆಗಳಲ್ಲಿ ಮದ್ದು ಸೊಪ್ಪನ್ನು ಕುದಿಸಿ, ನೇರಳೆ ಬಣ್ಣದ ಆ ನೀರಿನಲ್ಲಿ ಪಾಯಸ ಮಾಡುತ್ತೇವೆ. ಸೊಪ್ಪಿನ ಗುಣ ಆ ದಿನ ಪೂರ್ಣವಾಗಿರುತ್ತದೆ ಎಂಬುದು ಹಿರಿಯರ ನಂಬಿಕೆ. ಎಲೆಯ ಸತ್ವ ಅದನ್ನು ಕೊಯ್ಯುವ ಕಾಲದೊಂದಿಗೆ ಬದಲಾಗುತ್ತದೆ ಎಂಬ ತಿಳಿವಳಿಕೆ ಅದರೊಳಗಿದೆ. ಸಸ್ಯಸಾರದ ಬಗ್ಗೆ ಕೆಲಸ ಮಾಡುವ ಪ್ರತಿಯೊಬ್ಬ ವಿಜ್ಞಾನಿಯೂ ಇಂದು ಎದುರಿಸುವ ದೊಡ್ಡ ತೊಡಕೂ ಇದೇ. ಎಳೆಯ ಎಲೆ, ಬಲಿತ ಎಲೆ, ಮಳೆಗಾಲದ ಎಲೆ, ಬೇಸಿಗೆಯ ಎಲೆ ಒಂದೇ ಸಾರ ಕೊಡುವುದಿಲ್ಲ.

ನುಗ್ಗೆಯನ್ನು ನೋಡೋಣ. ಅದರ ಎಲೆಯಲ್ಲಿ ಝಿಯಾಟಿನ್ ಎಂಬ ಸೈಟೊಕೈನಿನ್ ಇದೆ. ಕೋಶಗಳ ವಿಭಜನೆಗೆ ಚುರುಕು ಕೊಡುವ, ಎಲೆ ಬೇಗ ಹಣ್ಣಾಗದಂತೆ ತಡೆಯುವ ಹಾರ್ಮೋನು ಅದು. ಹಸಿ ಎಲೆಯನ್ನು ಅರೆದು, ಹಿಂಡಿ, ಸೋಸಿ, ಸುಮಾರು ಮೂವತ್ತು ಪಾಲು ನೀರು ಬೆರೆಸಿ ಸಿಂಪಡಿಸುವುದು ಹಲವು ದೇಶಗಳಲ್ಲಿ ಪರೀಕ್ಷೆಗೊಂಡ ವಿಧಾನ. ಕ್ಯಾರೆಟ್ಟಿನ ಎಲೆ ಹೆಚ್ಚು ದಿನ ಹಸಿರಾಗಿದ್ದರೆ ಅಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯಲು ಹೆಚ್ಚು ಕಾಲ ಸಿಗುತ್ತದೆ. ಆದರೆ ಸಾರಜನಕ ಮೊದಲೇ ಹೆಚ್ಚಿರುವ ಮಡಿಯಲ್ಲಿ ಇನ್ನಷ್ಟು ಸೊಪ್ಪು ಬೆಳೆಸಿ ಪ್ರಯೋಜನವೇನು? ಸಿಂಪಡಣೆ ಬೇರು ದಪ್ಪವಾಗುವ ಹೊತ್ತಿಗೋ, ಅದಕ್ಕೂ ಮುಂಚೆಯೋ ಎಂಬುದನ್ನು ನಮ್ಮ ಮಣ್ಣಿನಲ್ಲೇ ನೋಡಿ ತಿಳಿಯಬೇಕು. ಕಡಲಕಳೆಯ ಸಾರದ ವಿಷಯದಲ್ಲೂ ಇದೇ ಮಾತು. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ಕಪ್ಪಾಫೈಕಸ್ ಎಂಬ ಕಡಲಕಳೆಯಿಂದ ರಸ ತೆಗೆಯುವ ತಂತ್ರ ರೂಪಿಸಿದ ಮೇಲೆ ಅದು ಅಂಗಡಿಯಲ್ಲೂ ಸುಲಭವಾಗಿ ಸಿಗುತ್ತಿದೆ.

ಮಣ್ಣಿನ ಮಾತಿಗೆ ಬರುತ್ತೇನೆ, ಏಕೆಂದರೆ ಕ್ಯಾರೆಟ್ಟಿನ ಗುಣಮಟ್ಟ ನಿರ್ಧಾರವಾಗುವುದು ಹೆಚ್ಚಾಗಿ ಅಲ್ಲೇ. ಗದ್ದೆಯ ಜಿಗುಟು ಮಣ್ಣಿನ ಕೆಳಗೆ ಉಳುಮೆಯಿಂದ, ಕೆಸರು ತುಳಿತದಿಂದ ಆದ ಗಟ್ಟಿ ಪದರವಿರುತ್ತದೆ. ಬೇರು ಅದಕ್ಕೆ ತಾಗಿದರೆ ಕವಲೊಡೆಯುತ್ತದೆ. ಹಸಿ ಗೊಬ್ಬರ ಹಾಕಿದರೂ ಕವಲೊಡೆಯುತ್ತದೆ. ಬೋರಾನ್ ಕೊರತೆಯಾದರೆ ಬೇರು ಸೀಳುತ್ತದೆ. ಮಳೆ ಸುರಿದು ಹುಳಿಯಾದ ನಮ್ಮ ಮಣ್ಣಿಗೆ ಪರೀಕ್ಷೆ ನೋಡಿಕೊಂಡು ಸುಣ್ಣ ಕೊಡಬೇಕು. ಏರುಮಡಿ ಮಾಡಬೇಕು. ಬೇರಿನ ಭುಜ ಬಿಸಿಲಿಗೆ ಕಂಡರೆ ಹಸಿರಾಗುತ್ತದೆ, ಮಣ್ಣು ಏರಿಸಬೇಕು. ಇವನ್ನು ಬಿಟ್ಟು ಬರೀ ಸಿಂಪಡಣೆಯನ್ನು ನಂಬುವವರಿಗೆ ಯಾವ ಸಾರವೂ ಕೈ ಹಿಡಿಯುವುದಿಲ್ಲ ಎಂದು ಖಂಡಿತವಾಗಿ ಹೇಳುತ್ತೇನೆ.

ಬೇರುಗಂಟು ಜಂತುಹುಳು ಇನ್ನೊಂದು ಶತ್ರು. ಮೆಣಸಿನ ಬಳ್ಳಿಯ ನಿಧಾನ ಸೊರಗಿನಲ್ಲಿ ಇದರ ಕೈವಾಡ ನಿಮಗೆಲ್ಲ ಗೊತ್ತು. ಕ್ಯಾರೆಟ್ಟಿನಲ್ಲಿ ಇದು ಬೇರನ್ನು ಗಂಟು ಗಂಟಾಗಿಸಿ, ಕವಲೊಡೆಸಿ, ಮಾರಲು ಬಾರದಂತೆ ಮಾಡುತ್ತದೆ. ಇಲ್ಲಿ ಸಸ್ಯಮೂಲದ ವಸ್ತುಗಳಿಗೆ ನಿಜವಾದ ಬಲವಿದೆ. ಚೆಂಡುಹೂವಿನ ಬೇರಿನಲ್ಲಿರುವ ಆಲ್ಫಾ ಟರ್ಥೈನಿಲ್ ಈ ಹುಳುವಿಗೆ ಮಾರಕ. ಬೇವಿನ ಹಿಂಡಿಯನ್ನು ಉಪಕಾರಿ ಶಿಲೀಂಧ್ರಗಳೊಂದಿಗೆ ಬೆರೆಸಿ ಮಡಿಗೆ ಕೊಡುವ ಬಗ್ಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೆಲಸ ಮಾಡಿದೆ. ಅದೇ ಸಂಸ್ಥೆಯ ಚೆಟ್ಟಳ್ಳಿ ಕೇಂದ್ರವೂ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರವೂ ನಮಗೆ ಹತ್ತಿರದಲ್ಲೇ ಇವೆ.

ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯ ಎಂದು ಯಾರೂ ಭಾವಿಸಬಾರದು. ಹೊಗೆಸೊಪ್ಪಿನ ಕಷಾಯದ ನಿಕೋಟಿನ್ ಸಿಂಪಡಿಸುವವನಿಗೂ ವಿಷವೇ. ಲಂಟಾನ, ಕಮ್ಯುನಿಸ್ಟ್ ಗಿಡ, ನೀಲಗಿರಿ ಸೊಪ್ಪಿನ ಸಾರ ಗಟ್ಟಿಯಾದರೆ ಬೀಜದ ಮೊಳಕೆಯನ್ನೇ ತಡೆಯಬಲ್ಲದು. ಕ್ಯಾರೆಟ್ ಬೀಜವಂತೂ ಮೊದಲೇ ನಿಧಾನ, ಮೊಳೆಯಲು ವಾರದಿಂದ ಎರಡು ವಾರ ಬೇಕು. ಸಗಣಿ ಬೆರೆಸಿ ಹುಳಿಬರಿಸಿದ ದ್ರಾವಣಗಳನ್ನು ಹಸಿಯಾಗಿ ತಿನ್ನುವ ಬೇರಿನ ಮೇಲೆ ಕೊಯ್ಲಿನ ಹೊತ್ತಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಬಾಟಲಿಯಲ್ಲಿ ಬರುವ ಸಾರಗಳಿಗೂ ಕಾನೂನಿದೆ. 2021ರ ಫೆಬ್ರುವರಿಯಲ್ಲಿ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ, ಇಂಥ ಸಾರಗಳೂ ಸೇರುವ ಜೈವಿಕ ಉತ್ತೇಜಕಗಳನ್ನು ತರಲಾಯಿತು. ಅವುಗಳಲ್ಲಿ ಕೀಟನಾಶಕದ ಅಂಶ 0.01 ಪಿಪಿಎಂ ಮೀರಬಾರದು ಎಂಬುದು ಆಗ ಬಂದ ನಿಯಮಗಳಲ್ಲೊಂದಾಗಿತ್ತು. 'ಸಾವಯವ' ಎಂಬ ಪದ ಕಂಡೊಡನೆ ದುಡ್ಡು ಕೊಡುವ ಮುಂಚೆ ಚೀಟಿ ಓದಿ.

ಕೊಡಗಿನ ಬೆಳೆಗಾರರ ಬಗ್ಗೆ ನನಗಿರುವ ಭರವಸೆಗೆ ಕಾರಣವಿದೆ. ಬಿದ್ದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿ ಇಲ್ಲಿ ತಲೆಮಾರುಗಳಿಂದ ಇದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ತೂಗಿ ಬೋರ್ಡೋ ದ್ರಾವಣ ಮಾಡುತ್ತೀರಿ. ಕಬ್ಬಿಣದ ಚೂರಿ ಅದ್ದಿ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುತ್ತೀರಿ. ಸೊಪ್ಪಿನ ಸಾರಕ್ಕೂ ಅಂಥ ತೂಕ, ಅಂಥ ಪರೀಕ್ಷೆ ಬೇಕು. ಒಂದು ಮಡಿಗೆ ಸಾರ, ಪಕ್ಕದ ಮಡಿಗೆ ಅಷ್ಟೇ ನೀರು, ಮೂರನೆಯದಕ್ಕೆ ಸಾರಕ್ಕೆ ತಗಲುವ ಹಣದಷ್ಟೇ ಬೆಲೆಯ ಕಾಂಪೋಸ್ಟ್. ಈ ಮೂರನ್ನೂ ಗದ್ದೆಯಲ್ಲಿ ನಾಲ್ಕಾರು ಕಡೆ ಮರಳಿ ಮಾಡಬೇಕು. ಕಿತ್ತ ಮೇಲೆ ತೂಕ, ಉದ್ದ, ಕವಲೊಡೆದವುಗಳ ಪಾಲು, ಬ್ರಿಕ್ಸ್ ಮಾಪಕದಲ್ಲಿ ಸಿಹಿ, ಬಾಡದೆ ಉಳಿದ ದಿನಗಳು ಎಲ್ಲವೂ ದಾಖಲಾಗಬೇಕು. ನೀರಿನ ಮಡಿ ಇಲ್ಲದ ಪ್ರಯೋಗದ ಫಲಿತಾಂಶವನ್ನು ಈ ವೇದಿಕೆಯಲ್ಲಿ ಯಾರೇ ಹೇಳಿದರೂ ಪ್ರಶ್ನಿಸಿ.

ಇಂದಿನ ಗೋಷ್ಠಿಗಳಿಗೆ ನನ್ನ ಕೋರಿಕೆಗಳು ಕೆಲವೇ. ಬಿತ್ತನೆಯ ಕಾಲವನ್ನು ಮೊದಲು ಚರ್ಚಿಸಿ. 15ರಿಂದ 20 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಬಣ್ಣ ಚೆನ್ನಾಗಿ ಕಟ್ಟುವ ಬೆಳೆ ಇದು. ಗದ್ದೆ ತೆರವಾಗುವ ಹೊತ್ತಿಗೆ ಬಿತ್ತಿದರೆ ಬೇರು ಬಲಿಯುವಾಗ ಬೇಸಿಗೆ ಬಂದಿರುತ್ತದೆ. ಗದ್ದೆಗೆ ಹೊಂದಿದ ಒಣಭೂಮಿಯಾದ ಬಾಣೆಯ ಅಂಚಿನಲ್ಲಿ ಮುಂಚೆಯೇ ಬಿತ್ತುವುದೋ, ಉಷ್ಣವಲಯದ ಹವೆಗೆ ಒಗ್ಗಿದ ಅರ್ಕಾ ಸೂರಜ್‌ನಂಥ ತಳಿ ಹಿಡಿಯುವುದೋ ಹೇಳಿ. ಕಾಡುಹಂದಿ, ಮುಳ್ಳುಹಂದಿಗಳಿಂದ ಮಡಿ ಕಾಯುವ ಖರ್ಚನ್ನು ಲೆಕ್ಕದಿಂದ ಬಿಡಬೇಡಿ. ಸಂಜೆ ಸಭೆಯಿಂದ ಏಳುವ ಮುಂಚೆ ಬೆಳೆಗಾರರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಯಾರ ಗದ್ದೆ, ಯಾವ ಸಾರ, ಎಷ್ಟು ಪ್ರಮಾಣ ಎಂದು ಬರೆದಿಟ್ಟುಕೊಳ್ಳಿ. ಬೆಳೆ ಕೆಟ್ಟವರ ಲೆಕ್ಕವನ್ನೂ, ಗೆದ್ದವರದನ್ನು ಕೇಳುವಷ್ಟೇ ಗಮನವಿಟ್ಟು ಕೇಳಲು ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ಒಂದು ಪೂರ್ಣ ಗೋಷ್ಠಿ ಮೀಸಲಿಡಿ.