ಹಿಕ್ಕೆ ಹೇಳುವ ಸುದ್ದಿ

ನಮ್ಮ ಹಿರಿಯರು ಪದಗಳನ್ನು ಸುಮ್ಮನೆ ಕಟ್ಟಿದವರಲ್ಲ. ಆಕಳು ಎಮ್ಮೆಗಳದು ಸೆಗಣಿ. ಕುದುರೆ ಕತ್ತೆಗಳದು ಲದ್ದಿ. ಆಡು, ಕುರಿ, ಹಕ್ಕಿಗಳದು ಹಿಕ್ಕೆ. ಇಷ್ಟು ಬೇರ್ಪಡಿಸಿ ಹೆಸರಿಟ್ಟವರು ಅದನ್ನು ಕಣ್ಣಿಟ್ಟು ನೋಡಿದವರೇ ಆಗಿರಬೇಕು. ನಾವಾದರೋ ಮೂಗು ಮುಚ್ಚಿಕೊಂಡು ಗುಡಿಸಿ ಚೆಲ್ಲುತ್ತೇವೆ. ಇಂದು ಕೋಳಿಯ ಹಿಕ್ಕೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಊಟದ ಹೊತ್ತಾಗಿದ್ದರೆ ಕ್ಷಮಿಸಿರಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಹಿತ್ತಲಲ್ಲಿ ಜವಾರಿ ಕೋಳಿ ಸಾಕುವ ಮನೆಗಳುಂಟು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ, ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ನನ್ನನ್ನು ಕೇಳಿದ: “ಸರ್ರ, ನಮ್ಮ ಕೋಳಿ ಹಿಕ್ಕಿ ಮ್ಯಾಲ ಸುಣ್ಣ ಹಚ್ಚಿಧಂಗ ಬೆಳ್ಳಗ ಐತ್ರಿ. ಬ್ಯಾನಿ ಏನ್ರಿ?” ಪಂಡಿತನಿಗೆ ತಿಳಿಯದ್ದುಂಟೇ! “ಹೌದು, ರೋಗವೇ. ಅದನ್ನು ಬೇರೆ ಕಟ್ಟು” ಎಂದುಬಿಟ್ಟೆ. ಮನೆಯವರೆಲ್ಲ ತಾಯಿಕೋಳಿಯನ್ನೇ ನೋಡುತ್ತ ಕುಳಿತರು. ಇತ್ತ ಒದ್ದೆ ಮೂಲೆಯಲ್ಲಿದ್ದ ಮರಿಗಳ ಹಿಕ್ಕೆಯಲ್ಲಿ ರಕ್ತ ಬೀಳತೊಡಗಿದ್ದನ್ನು ಯಾರೂ ಗಮನಿಸಲಿಲ್ಲ. ಒಂಬತ್ತು ಮರಿಗಳಲ್ಲಿ ಉಳಿದವು ಎರಡು. ಆ ಮರಿಗಳಿಂದ ಬರುವ ದುಡ್ಡಿನಲ್ಲಿ ಹುಡುಗ ಪುಸ್ತಕ ಕೊಳ್ಳುವವನಿದ್ದ. ತಾಯಿಕೋಳಿಗೆ ಏನೂ ಆಗಿರಲಿಲ್ಲ.

ಪಶುವೈದ್ಯರನ್ನು ಕೇಳಿ ತಿಳಿದ ಮೇಲೆ ನನ್ನ ತಪ್ಪು ನನಗೆ ಕಂಡಿತು. ಕೋಳಿಗೆ ಮೂತ್ರಕ್ಕೆಂದು ಬೇರೆ ದಾರಿಯಿಲ್ಲ. ಮೂತ್ರಪಿಂಡ ಸೋಸಿದ ಕಶ್ಮಲವು ನೀರಾಗಿ ಹರಿಯದೆ, ಯೂರಿಕ್ ಆಮ್ಲವೆಂಬ ಬಿಳಿ ಹಿಟ್ಟಿನಂತಾಗಿ ಮಲದೊಡನೆಯೇ ಹೊರಬೀಳುತ್ತದೆ. ಮೈಯಲ್ಲಿ ನೀರು ಉಳಿಸಿಕೊಳ್ಳುವ ಉಪಾಯವಿದು. ಗೋಡೆಯ ಹಲ್ಲಿಯ ಹಿಕ್ಕೆಯ ತುದಿಯ ಬಿಳಿ ಚುಕ್ಕೆಯೂ ಇದೇ. ಆದುದರಿಂದ ಕಂದು ಇಲ್ಲವೆ ಬೂದು ಬಣ್ಣದ, ಗಟ್ಟಿಯಾದ, ಬಿಳಿ ಟೊಪ್ಪಿಗೆಯ ಹಿಕ್ಕೆ ಆರೋಗ್ಯದ ಗುರುತು. ದಿನಕ್ಕೆ ಕೆಲವು ಸಲ ಕಾಕಂಬಿಯಂತೆ ಅಂಟಾದ, ಹೆಚ್ಚು ನಾತದ ಹಿಕ್ಕೆಯೂ ಬೀಳುವುದುಂಟು. ಅದು ಕುರುಡುಗರುಳಿನಿಂದ ಬಂದದ್ದು, ಅದೂ ಸಹಜವೇ. ಬೇಸಗೆಯಲ್ಲಿ ನೀರು ಹೆಚ್ಚು ಕುಡಿದಾಗ ಹಿಕ್ಕೆ ತುಸು ತೆಳ್ಳಗಾಗುತ್ತದೆ.

ಇನ್ನು ಅಂಜಬೇಕಾದ ಗುರುತುಗಳು. 3ರಿಂದ 6 ವಾರದ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿಯಿರಬಹುದು. ಇದರ ಸೂಕ್ಷ್ಮಜೀವಿ ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಬೆಚ್ಚಗಿನ ತೇವದಲ್ಲಿ ಒಂದೆರಡು ದಿನದೊಳಗೆ ಸೋಂಕುವ ಬಲ ಪಡೆಯುತ್ತದೆ. ಮರಿಗಳು ಅಲ್ಲಿಯೇ ಕೆದಕಿ ತಿನ್ನುತ್ತವೆ. ಕೃಷ್ಣೆ, ದೂಧಗಂಗೆಯರ ದಂಡೆಯವರು ಮಳೆಗಾಲದಲ್ಲಿ ಇದನ್ನು ಮರೆಯಬಾರದು. ಮರಿಯ ಗುದದ ಸುತ್ತ ಬಿಳಿ ಭೇದಿ ಮೆತ್ತಿಕೊಂಡು ಮರಿ ಮಂಕಾಗಿ ಕುಳಿತರೆ ಅದೂ ರೋಗದ ಶಂಕೆಯೇ. ಹಸಿರು ನೀರಿನಂಥ ಹಿಕ್ಕೆ, ಜೊತೆಗೆ ಏದುಸಿರು, ತಿರುಚಿದ ಕತ್ತು ಕಂಡರೆ ಅದು ಕೊಕ್ಕರೆ ರೋಗವಿರಬಹುದು, ರಾಣಿಖೇತವೆಂದೂ ಹೆಸರು. ಅದಕ್ಕೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಿಸಿರಬೇಕು.

ನೀವು ಮಾಡಬೇಕಾದುದು ಇಷ್ಟೇ. ಮುಂಜಾನೆ ಗುಡಿಸುವ ಮೊದಲು ಒಮ್ಮೆ ಬಗ್ಗಿ ನೋಡಿರಿ. ಗೂಡಿನಲ್ಲಿ ಒಣ ಶೇಂಗಾ ಸಿಪ್ಪೆ ಹರವಿ, ಒದ್ದೆಯಾದೊಡನೆ ತೆಗೆದುಹಾಕಿರಿ. ಸಂಶಯ ಬಂದರೆ ಹೊಸ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಅಂದೇ ಪಶು ದವಾಖಾನೆಗೆ ಹೋಗಿರಿ. ಬಂದ ಮೇಲೆ ಕೈಗೆ ಸಾಬೂನು ಹಚ್ಚಿ ತೊಳೆಯಿರಿ.

ಆ ಹುಡುಗ ಈಗಲೂ ಕೋಳಿ ಸಾಕುತ್ತಾನೆ. ನನ್ನನ್ನು ಕಂಡರೆ ನಗುತ್ತಾನೆ. ಹಿಕ್ಕೆಯ ಮಾತು ಮಾತ್ರ ಕೇಳುವುದಿಲ್ಲ. ಕೇಳಿದರೆ ಈಗ, “ನನಗೆ ತಿಳಿಯದು, ಡಾಕ್ಟರರನ್ನು ಕೇಳೋಣ ನಡೆ” ಎನ್ನುವಷ್ಟು ನಾನೂ ಕಲಿತಿದ್ದೇನೆ.