ತೆನೆಯೊಳಗಿನ ಗಾಳಿ
(ಮೊಂತಿ ಹಬ್ಬದ ಪ್ರಬೋಧನೆ)



ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ತಂದು ಮರಿಯಮ್ಮನವರಿಗೆ ಅರ್ಪಿಸಿದ್ದಾರೆ. ಇಂದು ಸೆಪ್ಟೆಂಬರ್ 8, ಆ ತಾಯಿಯ ಹುಟ್ಟುಹಬ್ಬ. ತೆನೆಯ ಆಶೀರ್ವಾದವೂ ಆಗಿದೆ. ಇನ್ನು ಮನೆಗೆ ಹೋಗಿ ಹೊಸ ಭತ್ತದ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಎಲ್ಲರೂ ಕೂಡಿ ಪ್ರಾರ್ಥಿಸಿ, ಹಿರಿಯರು ಹಂಚಿದ್ದನ್ನು ಉಣ್ಣುತ್ತೇವೆ. ಪರದೇಶದಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ತೆನೆ ಕಳಿಸುವವರೂ ನಮ್ಮಲ್ಲಿದ್ದಾರೆ. ಈ ಸಲ ಆ ಕಾಳನ್ನು ಬಾಯಿಗಿಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಇದು ಯಾವುದರಿಂದ ಆಗಿದೆ?

ಮಣ್ಣಿನಿಂದ ಎಂದು ಥಟ್ಟನೆ ಹೇಳುತ್ತೇವೆ. ಬಹುಕಾಲ ಪಂಡಿತರೂ ಹಾಗೆಯೇ ತಿಳಿದಿದ್ದರು. ಬ್ರಸೆಲ್ಸ್ ನಗರದ ವೈದ್ಯ ಹೆಲ್ಮಾಂಟ್ ಎಂಬವರು ತೂಗಿದ ಒಣಮಣ್ಣನ್ನು ಕುಂಡದಲ್ಲಿ ತುಂಬಿ, 5 ಪೌಂಡ್ ತೂಕದ ವಿಲೋ ಗಿಡ ನೆಟ್ಟು, ಐದು ವರ್ಷ ಬರೀ ನೀರೆರೆದರು. ಗಿಡ 169 ಪೌಂಡ್ ಆಯಿತು. ಮಣ್ಣು ಕಳೆದುಕೊಂಡದ್ದು ಎರಡು ಔನ್ಸಿನಷ್ಟು. ಈ ವಿವರ ಅಚ್ಚಾದದ್ದು 1648ರಲ್ಲಿ, ಅವರು ತೀರಿಕೊಂಡ ಮೇಲೆ. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವರ ತೀರ್ಮಾನ. ಅದು ಅರ್ಧ ಸತ್ಯ, ಉಳಿದರ್ಧ ಗಾಳಿಯಲ್ಲಿತ್ತು.

ಎಲೆಗಳು ಬಿಸಿಲಿನ ಬಲದಿಂದ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ, ಬೇರು ತಂದುಕೊಟ್ಟ ನೀರಿನೊಂದಿಗೆ ಬೆರೆಸಿ ಸಕ್ಕರೆ ಮಾಡುತ್ತವೆ. ಆ ಸಕ್ಕರೆಯೇ ಪಿಷ್ಟವಾಗಿ ಕಾಳಿನೊಳಗೆ ಕೂರುತ್ತದೆ. ಇಂಗಾಲ ಎಂದರೆ ನಮಗೆ ಒಲೆಯ ಇದ್ದಿಲು ನೆನಪಾಗುತ್ತದೆ. ಆದರೆ ಒಣಗಿದ ಬೆಳ್ಳನೆಯ ಅಕ್ಕಿಯ ತೂಕದಲ್ಲೂ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಅದೇ. ನಾವು ಉಂಡದ್ದರ ಬಹುಪಾಲು ಇಂಗಾಲ ಉಸಿರಾಗಿ ಗಾಳಿಗೆ ಮರಳುತ್ತದೆ. ಹುಲ್ಲನ್ನು ದನ ತಿನ್ನುತ್ತದೆ, ಬೇರು ಗದ್ದೆಯಲ್ಲೇ ಕೊಳೆಯುತ್ತದೆ, ಅದರ ಇಂಗಾಲವೂ ಬಹುಮಟ್ಟಿಗೆ ಗಾಳಿಗೇ ಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ಮತ್ತೊಂದು ಪೈರು ಅದನ್ನು ಪಡೆಯುತ್ತದೆ.

ಈ ಕೊಡುಕೊಳ್ಳುವಿಕೆಯನ್ನು ಅಳೆದು ನೋಡಿದ್ದಾರೆ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಗಾಳಿಯನ್ನು ನಿರಂತರವಾಗಿ ಅಳೆಯುವ ಕೆಲಸ ಆರಂಭಿಸಿದರು. ಇಂಗಾಲದ ಡೈ ಆಕ್ಸೈಡ್ ಪ್ರತಿ ವರ್ಷ ಮೇ ತಿಂಗಳಲ್ಲಿ ಅತಿ ಹೆಚ್ಚಾಗಿ, ಆಮೇಲೆ ಇಳಿಯುತ್ತ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅತಿ ಕಡಿಮೆಯಾಗುವುದು ಕಂಡಿತು. ಭೂಮಿಯ ಉತ್ತರಾರ್ಧದಲ್ಲಿ ನೆಲ ಹೆಚ್ಚು. ಅಲ್ಲಿನ ಕಾಡು, ಹೊಲಗಳೆಲ್ಲ ಆ ತಿಂಗಳುಗಳಲ್ಲಿ ಚಿಗುರಿ ಬೆಳೆದು ಗಾಳಿಯನ್ನು ಹೀರುತ್ತವೆ. ನಮ್ಮ ಹಬ್ಬ ಬರುವುದು ಇಡೀ ಭೂಮಿ ಹೀಗೆ ದೀರ್ಘವಾಗಿ ಉಸಿರೆಳೆದುಕೊಂಡಿರುವ ಹೊತ್ತಿನಲ್ಲಿ. ಇದನ್ನು ಓದಿದಾಗ ನಮಗಂತೂ ಬಹಳ ಸಂತೋಷವಾಯಿತು.

ಸಂತೋಷ ಅಲ್ಲಿಗೇ ನಿಲ್ಲುವುದಿಲ್ಲವೆಂಬುದೇ ಕಷ್ಟ. ಏರಿ ಇಳಿಯುವ ಆ ಗೆರೆ ವರ್ಷದಿಂದ ವರ್ಷಕ್ಕೆ ಮೇಲೆ ಹೋಗುತ್ತಿದೆ. ಕಾರ್ಖಾನೆಗಳ ಕಾಲಕ್ಕೆ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲು ಇದ್ದದ್ದು 1958ರಲ್ಲಿ 315 ಆಗಿತ್ತು. 2024ರಲ್ಲಿ 420ನ್ನೂ ಮೀರಿತು. ಅಂಗಡಿಯ ಬಾಕಿ ಪುಸ್ತಕದಂತೆ ನೋಡೋಣ. ನೆಲದ ಗಿಡಮರಗಳು ವರ್ಷಕ್ಕೆ ಸುಮಾರು 12,000 ಕೋಟಿ ಟನ್ ಇಂಗಾಲ ಪಡೆಯುತ್ತವೆ. ಉಸಿರು, ಕೊಳೆತ, ಬೆಂಕಿಗಳಿಂದ ಹೆಚ್ಚುಕಡಿಮೆ ಅಷ್ಟೇ ವಾಪಸು ಹೋಗುತ್ತದೆ. ನಾವು ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟು ಸೇರಿಸುವುದು ಸುಮಾರು 1,000 ಕೋಟಿ ಟನ್. ಅಷ್ಟೇ ತಾನೇ ಎನ್ನಬೇಡಿ. ಕಡಲು ಮತ್ತು ಕಾಡು ಸೇರಿ ಅದರಲ್ಲಿ ಅರ್ಧದಷ್ಟನ್ನು ತೀರಿಸುತ್ತವೆ. ಉಳಿದರ್ಧ ಬಾಕಿ. ಮರುವರ್ಷ ಅದರ ಮೇಲೆ ಇನ್ನೊಂದು ಬಾಕಿ.

ಈ ಹೆಚ್ಚಿನದು ಎಲ್ಲಿಂದ ಬಂತು? ಇಂಗಾಲಕ್ಕೆ ಇನ್ನೊಂದು ದಾರಿ ಇದೆ, ಬಹಳ ನಿಧಾನದ್ದು. ಅದನ್ನು ನಮ್ಮ ಅಜ್ಜ ಅಜ್ಜಿಯರು ತಿಳಿಯದೆಯೇ ಬಲ್ಲರು. ಹಿಂದೆ ಹಬ್ಬಕ್ಕೆ ಮುಂಚೆ ಇಗರ್ಜಿಯ ಗೋಡೆಗೆ ಚಿಪ್ಪಿನ ಸುಣ್ಣ ಬಳಿಯುತ್ತಿದ್ದರಲ್ಲವೇ? ಹೊಳೆಯ ಮರುವಾಯಿ ನೀರಿನಲ್ಲಿ ಕರಗಿದ ಇಂಗಾಲವನ್ನು ಸುಣ್ಣದೊಂದಿಗೆ ಸೇರಿಸಿ ತನ್ನ ಚಿಪ್ಪು ಕಟ್ಟುತ್ತದೆ. ಗೂಡಿನಲ್ಲಿ ಚಿಪ್ಪು ಸುಟ್ಟಾಗ ಆ ಇಂಗಾಲ ಗಾಳಿಗೆ ಹಾರಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಬೆರೆಸಿ ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಇಂಗಾಲವನ್ನು ಮತ್ತೆ ಎಳೆದುಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಡಲಿನಲ್ಲಿ ಇಂಥ ಚಿಪ್ಪುಗಳು ತಳಕ್ಕಿಳಿದು ಲಕ್ಷಾಂತರ ವರ್ಷ ಒತ್ತಿ ಸುಣ್ಣದ ಕಲ್ಲಾಗುತ್ತವೆ. ಅದರ ಇಂಗಾಲ ಜ್ವಾಲಾಮುಖಿಗಳ ಮೂಲಕ ಯಾವಾಗಲೋ ಹೊರಬರುತ್ತದೆ. ಜೌಗಿನಲ್ಲಿ ಹೂತುಹೋದ ಕಾಡುಗಳೂ ಹೀಗೆಯೇ ಕಲ್ಲಿದ್ದಲಾದವು. ಭಾರತದ ಕಲ್ಲಿದ್ದಲಿನ ಬಹುಪಾಲು 25 ಕೋಟಿ ವರ್ಷಕ್ಕೂ ಹಿಂದಿನದು. ರಾಯಚೂರಿನ ಶಕ್ತಿನಗರದಲ್ಲಿ ಅದು ಉರಿದಾಗ ಅಷ್ಟು ಕಾಲ ಲೆಕ್ಕದಿಂದ ಹೊರಗಿದ್ದ ಇಂಗಾಲ ಕ್ಷಣಮಾತ್ರದಲ್ಲಿ ನಮ್ಮ ಪುಸ್ತಕಕ್ಕೆ ಬೀಳುತ್ತದೆ.

ತಪ್ಪು ಶ್ರೀಮಂತ ದೇಶಗಳದ್ದು ಎಂದರೆ ಅದರಲ್ಲಿ ಬಹಳ ನಿಜವಿದೆ. ವರ್ಷಕ್ಕೆ ತಲೆಗೊಂದು ಲೆಕ್ಕದಲ್ಲಿ ಭಾರತೀಯರ ಪಾಲು ಸುಮಾರು 2 ಟನ್ ಇಂಗಾಲದ ಡೈ ಆಕ್ಸೈಡ್. ಅಮೇರಿಕದವರದ್ದು 14ರ ಹತ್ತಿರ, ಕತಾರಿನಲ್ಲಿ 30ಕ್ಕೂ ಹೆಚ್ಚು. ಆದರೆ ಕತಾರ್ ಎಂದಾಗ ಈ ಇಗರ್ಜಿಯಲ್ಲಿ ಎಷ್ಟು ತಾಯಂದಿರಿಗೆ ಮಗನ ಮುಖ ನೆನಪಾಗುವುದಿಲ್ಲ? ಕುವೈತ್, ದುಬೈ, ದೋಹಾಗಳ ತೈಲದ ಹಣದಿಂದಲೇ ನಮ್ಮ ಅನೇಕ ಹಂಚಿನ ಮನೆಗಳು ತಾರಸಿಯಾದವು, ಹೆಣ್ಣುಮಕ್ಕಳ ಮದುವೆಯಾಯಿತು, ಹುಡುಗರು ಓದಿದರು. ಅದು ಬೆವರಿನ ದುಡ್ಡು, ನಾಚಿಕೊಳ್ಳುವಂಥದ್ದಲ್ಲ. ಆದರೂ ಈ ಮಾತಿನಲ್ಲಿ ನಾವು ಹೊರಗೆ ನಿಂತು ಬೆರಳು ತೋರಿಸುವವರಲ್ಲ.

ಬಾಕಿಯ ಬಡ್ಡಿ ಬಿಸಿಯ ರೂಪದಲ್ಲಿ ಬರುತ್ತಿದೆ. ಗಾಳಿಯಲ್ಲಿ ಬಿಸಿಯನ್ನು ತಡೆಯುವ ಈ ಅನಿಲಗಳು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು, ತೆನೆಯೂ ಇಲ್ಲ, ನಾವೂ ಇಲ್ಲ. ಕಂಬಳಿ ಒಳ್ಳೆಯದೇ, ಒಂದರ ಮೇಲೊಂದು ಹೊದೆಸಿದರೆ ಮಗು ಬೆವರುತ್ತದೆ. 2024 ಈವರೆಗೆ ಅಳೆದ ವರ್ಷಗಳಲ್ಲೆಲ್ಲ ಅತ್ಯಂತ ಬಿಸಿಯಾದ ವರ್ಷವಾಯಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿದಾಗ ಒಮ್ಮೆಗೇ ಸುರಿಯುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲಂಚಿನ ಮನೆ, ರಸ್ತೆಗಳನ್ನು ಕೆಡವಿದ್ದನ್ನು ನೋಡಿದ್ದೇವೆ. ಒಂದು ಬಿರುಗಾಳಿಗೆ ಒಂದೇ ಕಾರಣ ಹೇಳಲಾಗದು, ಆದರೆ ಬೆಚ್ಚಗಾದ ಅರಬ್ಬೀ ಸಮುದ್ರ ಅಂಥವಕ್ಕೆ ಬಲ ಕೊಡುತ್ತದೆ. ಕಡಲು ನುಂಗುವ ಇಂಗಾಲ ನೀರಿನ ಆಮ್ಲತೆ ಹೆಚ್ಚಿಸುವುದರಿಂದ ಚಿಪ್ಪಿನ ಜೀವಿಗಳಿಗೆ ಚಿಪ್ಪು ಕಟ್ಟುವುದೂ ಕಷ್ಟವಾಗುತ್ತಿದೆ. ಬಿಸಿ ಏರಿದಷ್ಟೂ ಇಂಗಾಲದ ಚಕ್ರವೇ ಕೆಟ್ಟು, ಅದರಿಂದ ಬಿಸಿ ಇನ್ನಷ್ಟು ಏರುತ್ತದೆಂದು ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಎಚ್ಚರಿಸಿದ್ದರು.

ಜೂನ್ 5ರಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದರಿಂದ ಇದು ತೀರುವುದಿಲ್ಲ. ನೆಡಬಾರದೆಂದಲ್ಲ, ನೆಟ್ಟು ನೀರೂ ಹಾಕೋಣ. ಆದರೆ ಮರ ಆ ಬೇಗನೆ ತಿರುಗುವ ದಾರಿಯದ್ದು, ಸತ್ತು ಕೊಳೆತಾಗ ಪಡೆದದ್ದನ್ನು ಬಿಟ್ಟುಕೊಡುತ್ತದೆ. ಕೋಟಿ ವರ್ಷ ಹೂತಿದ್ದನ್ನು ತೆಗೆಯದೆ ಅಲ್ಲಿಯೇ ಬಿಡುವುದು ದೊಡ್ಡ ಕೆಲಸ. ಸರಕಾರಗಳನ್ನು ಕೇಳಬೇಕಾದದ್ದು ಅದನ್ನು. ನಮ್ಮ ಕೈಯಲ್ಲಿರುವುದೂ ಇದೆ: ಮನೆಯ ಮಾಡಿನ ಮೇಲೆ ಸೌರಫಲಕ, ಇಗರ್ಜಿ ಸಭಾಭವನದ ಕರೆಂಟು ಬಿಲ್ಲು, ಒಂದೇ ವಾಳೆಯಿಂದ ಭಾನುವಾರ ಬರುವ ಹತ್ತು ಕಾರು.

ಇನ್ನು ಗದ್ದೆಯ ಮಾತು. ಇಂದು ಆಶೀರ್ವದಿಸಿದ ತೆನೆ ನಮ್ಮ ಊರಿನದ್ದಲ್ಲ, ಬೇರೆಡೆಯಿಂದ ತರಿಸಿದ್ದು. ನಮ್ಮ ಗದ್ದೆಗಳು ಹಡಿಲು ಬಿದ್ದಿವೆ, ಇಲ್ಲವೇ ಮಣ್ಣು ತುಂಬಿ ಸೈಟುಗಳಾಗಿವೆ. ನೀರು ನಿಂತ ಗದ್ದೆಯಿಂದ ಮೀಥೇನ್ ಎಂಬ ಬಿಸಿಯ ಅನಿಲ ಬರುವುದೂ ನಿಜ. ನಡುನಡುವೆ ನೀರು ಬಸಿದರೆ ಅದು ಕಡಿಮೆಯಾಗುತ್ತದೆ. ಆದರೆ ಗದ್ದೆ ಮಳೆನೀರನ್ನು ತಡೆದು ಬಾವಿಗೆ ಇಳಿಸುತ್ತದೆ, ಗೊಬ್ಬರ ಕಂಡ ಮಣ್ಣು ಇಂಗಾಲವನ್ನು ತನ್ನಲ್ಲಿ ಇರಿಸಿಕೊಳ್ಳುತ್ತದೆ. ಇಂದು ಊಟಕ್ಕೆ ಕೂತಾಗ ಹಿರಿಯರನ್ನು ಕೇಳಿ: ಹಿಂದೆ ನಮ್ಮ ತೆನೆ ಯಾವ ಗದ್ದೆಯಿಂದ ಬರುತ್ತಿತ್ತು, ಅಲ್ಲಿ ಈಗ ಏನಿದೆ ಎಂದು. ಹಡಿಲು ಗದ್ದೆ ಇದ್ದು, ಬರುವ ಮಳೆಗಾಲಕ್ಕೆ ನಾಲ್ಕೈದು ಮನೆಯವರು ಸೇರಿ ಬೇಸಾಯ ಮಾಡುವ ಮನಸ್ಸಿದ್ದರೆ ನಿಮ್ಮ ವಾಳೆಯ ಗುರಿಕಾರರಲ್ಲಿ ಹೆಸರು ಕೊಡಿ. ಪೂಜೆಯ ನಂತರ ಹೊರಗೆ ಕಬ್ಬು ಹಂಚುತ್ತಾರೆ, ಮಕ್ಕಳು ಮೊದಲು.