ಟಿನ್ ಫ್ಯಾಕ್ಟರಿಯ 19 ನಿಮಿಷ

ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್‌ನಲ್ಲಿ ಫೋನು ಮಧ್ಯಾಹ್ನ 12 ತೋರಿಸಿದಾಗ ಸೂರ್ಯನ ಪ್ರಕಾರ ಇನ್ನೂ ಮಧ್ಯಾಹ್ನ ಆಗಿರಲ್ಲ. ಸುಮಾರು 19 ನಿಮಿಷ ಬಾಕಿ. ಇದು ವರ್ಷದ ಸರಾಸರಿ, ತಿಂಗಳಿಂದ ತಿಂಗಳಿಗೆ ಏರುಪೇರು ಇರುತ್ತೆ.

ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ ಬೇಕು. ದೇಶದ ಟೈಮ್ ನಿಂತಿರೋದು ಮಿರ್ಜಾಪುರದ ಹತ್ತಿರ ಹಾದುಹೋಗೋ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಾವಿರೋದು 77.66ರ ಆಸುಪಾಸಲ್ಲಿ. ಗುಣಿಸಿ ನೋಡಿ.

ಈ ವ್ಯವಸ್ಥೆ ಬಂದಿದ್ದು 1906ರಲ್ಲಿ. ಅದಕ್ಕೂ ಮೊದಲು ರೈಲುಗಳು ಓಡ್ತಿದ್ದಿದ್ದು ಮದ್ರಾಸ್ ಟೈಮಲ್ಲಿ!

ನಮಗೆ 19 ನಿಮಿಷ ಲೆಕ್ಕಕ್ಕಿಲ್ಲ, ಸಿಗ್ನಲ್‌ನಲ್ಲೇ ಕಳೆದುಹೋಗುತ್ತೆ. ಆದ್ರೆ ಅಸ್ಸಾಮಲ್ಲಿ ಬೇಗ ಬೆಳಗಾಗುತ್ತೆ, ಬೇಗ ಕತ್ತಲಾಗುತ್ತೆ. ಹಗಲು ಪೋಲಾಗಬಾರದು ಅಂತ ಅಲ್ಲಿನ ಟೀ ತೋಟಗಳು ಗಡಿಯಾರನ ಒಂದು ಗಂಟೆ ಮುಂದಿಟ್ಟುಕೊಂಡಿವೆ. ಹೆಸರು ‘ಬಾಗಾನ್ ಟೈಮ್’. ಅವರಿಗೆ ಬೇರೆ ಟೈಮ್ ಝೋನ್ ಕೊಡೋದು ನ್ಯಾಯ ಅಂತ ನನಗನ್ನಿಸುತ್ತೆ. ನಿಮಗೆ?